ಮೂರು ತಂಬಿಟ್ಟು

ಶನಿವಾರಸಂತೆಯ ಸಂತೆಮಾಳದ ಹಿಂದಿರುವ ಅಂಗನವಾಡಿಯಲ್ಲಿ ಸುಧಾ ಟೀಚರ್ ಇಪ್ಪತ್ತೊಂದು ವರ್ಷದಿಂದ ಮಕ್ಕಳ ತೂಕ ನೋಡುತ್ತ ಬಂದವಳು. ತಿಂಗಳಿಗೊಂದು ದಿನ ತೂಕದ ಯಂತ್ರವನ್ನು ಜಂತಿಗೆ ತೂಗುಹಾಕಿ, ಕೂಸುಗಳನ್ನು ಒಂದೊಂದಾಗಿ ಜೋಲಿಯಲ್ಲಿ ಕೂರಿಸಿ, ಅವು ಎಷ್ಟೇ ಕಿರುಚಿದರೂ ಮುಳ್ಳು ನಿಲ್ಲುವ ತನಕ ಬಿಡುತ್ತಿರಲಿಲ್ಲ. ಬಂದ ತೂಕಕ್ಕೆ ಚಾರ್ಟಿನಲ್ಲಿ ಒಂದು ಚುಕ್ಕೆ. ಚುಕ್ಕೆ ಹಸಿರು ಪಟ್ಟಿಯಲ್ಲಿ ಬಿದ್ದರೆ ಮಗು ಚೆನ್ನಾಗಿದೆ, ಹಳದಿಗಿಳಿದರೆ ಎಚ್ಚರ, ಅದಕ್ಕೂ ಕೆಳಗಾದರೆ ತಾಯಿಗೆ ಮಂಗಳಾರತಿ.

ಆ ದಿನ ಅವಳ ಮುಂದೆ ಸುಳ್ಳು ಹೇಳಿ ದಕ್ಕಿಸಿಕೊಂಡವರಿಲ್ಲ. "ಬೆಳಿಗ್ಗೆ ಮಗೀಗೆ ಏನ್ ಕೊಟ್ಟೆ?" ಎಂದು ಕೇಳಿದರೆ ತಾಯಂದಿರದ್ದೆಲ್ಲ ಒಂದೇ ಉತ್ತರ. "ಏನೂ ತಿಂದಿಲ್ಲ ಟೀಚರ್." ಹಾಗೆ ಹೇಳುವಾಗಲೇ ಮಗುವಿನ ಗದ್ದಕ್ಕೆ ಬಿಸ್ಕತ್ತಿನ ಪುಡಿ ಮೆತ್ತಿಕೊಂಡಿರುತ್ತಿತ್ತು. ಸುಧಾ ಆ ಪುಡಿಯನ್ನು ತನ್ನ ಬೆರಳಿನಿಂದ ಒರೆಸಿ ತಾಯಿಯ ಕಣ್ಣಿಗೆ ಹಿಡಿಯುವಳು. "ಬಿಸ್ಕತ್ತು ಊಟನಾ ಟೀಚರ್?" ಎಂದು ಆ ತಾಯಿ ನಾಚಿಕೊಂಡರೆ, "ಬಾಯೊಳಗೆ ಹೋಗಿದ್ದೆಲ್ಲ ಊಟನೇ ಕಣವ್ವ" ಎನ್ನುವಳು. ಊರಿನಲ್ಲಿ ಈ ಮಾತು ಎಷ್ಟು ಹಬ್ಬಿತ್ತೆಂದರೆ, ಗಂಡಸರು ಹೋಟೆಲಿನಲ್ಲಿ ಒಂದು ಬೋಂಡ ಹೆಚ್ಚಿಗೆ ತಿಂದರೂ ಸುಧಾ ಟೀಚರ್ ಹೆಸರು ಹೇಳಿ ನಗುತ್ತಿದ್ದರು.

ಅವಳ ಒಬ್ಬಳೇ ಮಗಳು ದಿವ್ಯಶ್ರೀ ಹುಟ್ಟಿದಾಗ ಎರಡು ಕೆ.ಜಿ.ಯೂ ಇರಲಿಲ್ಲ. ಅಂಗನವಾಡಿ ಟೀಚರ್ ಮಗಳೇ ಹಳದಿ ಪಟ್ಟಿಯಲ್ಲಿದ್ದರೆ ಊರಿಗೆ ಯಾವ ಮುಖ ತೋರಿಸುವುದು? ಸುಧಾ ಹಠ ಹಿಡಿದಳು. ರಾಗಿ ಸರಿಗೆ ಎರಡು ಚಮಚ ತುಪ್ಪ, ಹಾಲಿಗೆ ಬೆಲ್ಲ, ಅನ್ನಕ್ಕೆ ಬೆಣ್ಣೆ. ಎರಡು ವರ್ಷಕ್ಕೆ ಮಗಳು ಹಸಿರು ಪಟ್ಟಿಗೆ ಬಂದಳು, ನಾಲ್ಕಕ್ಕೆ ಹಸಿರನ್ನೂ ದಾಟಿ ಚಾರ್ಟಿನ ಮೇಲಂಚಿಗೆ ತಲುಪಿದಳು. ಆಗ ಎಲ್ಲರಿಗೂ ಖುಷಿಯೇ. ಮೇಲೆ ಹೋದ ಚುಕ್ಕೆಗೆ ಬೈಯಬೇಕೆಂದು ಯಾರೂ ಅವಳಿಗೆ ತರಬೇತಿ ಕೊಟ್ಟಿರಲಿಲ್ಲ.

ಮನೆಯ ಕಟ್ಟುನಿಟ್ಟು ಬೇರೆ ಇತ್ತು. ಅತ್ತೆ ಶಕುಂತಲಮ್ಮ ಲಿಂಗಪೂಜೆಯಾಗದೆ ಬಾಯಿಗೆ ನೀರು ಹಾಕುವವರಲ್ಲ. ಅವರ ಪ್ರಕಾರ ತಟ್ಟೆಗೆ ಬಿದ್ದದ್ದು ಅನ್ನವಲ್ಲ, ಪ್ರಸಾದ. ಒಂದು ಅಗುಳು ಬಿಡುವ ಹಾಗಿಲ್ಲ. ಉಂಡ ಮೇಲೆ ತಟ್ಟೆಗೆ ಒಂದಿಷ್ಟು ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನೂ ಕುಡಿದೇ ಏಳಬೇಕು. ಮನೆಯ ಗಂಡಸರು ಅಂಗಡಿಯ ನೆಪ ಹೇಳಿ ಎಷ್ಟೋ ಸಲ ತಪ್ಪಿಸಿಕೊಳ್ಳುತ್ತಿದ್ದರು. ದಿವ್ಯಾ ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ತನ್ನ ತಟ್ಟೆ ಸಾಲದು ಎಂಬಂತೆ ಅಪ್ಪ ಬಿಟ್ಟುಹೋದದ್ದನ್ನೂ ಉಂಡು, ತೊಳೆದು ಕುಡಿದು, ಅಜ್ಜಿಯಿಂದ ಶಹಬ್ಬಾಸ್ ಅನ್ನಿಸಿಕೊಳ್ಳುತ್ತಿದ್ದಳು.

ಹತ್ತೊಂಬತ್ತಕ್ಕೆ ಬರುವಷ್ಟರಲ್ಲಿ ಅವಳನ್ನು ತೂಗಲು ಊರಿನ ಆಸ್ಪತ್ರೆಯ ಯಂತ್ರ ಸಾಲದಾಯಿತು. ಅಪ್ಪ ಧರ್ಮೇಂದ್ರನದು ಪೇಟೆಯಲ್ಲಿ ಹಿಂಡಿ, ಬೂಸಾ, ಗೊಬ್ಬರದ ಅಂಗಡಿ. ಒಂದು ಭಾನುವಾರ ಅವನು ಶಟರ್ ಎಳೆದು, ಮೂಟೆ ತೂಗುವ ತಕ್ಕಡಿಯ ಮೇಲೆ ಮಗಳನ್ನು ನಿಲ್ಲಿಸಿದ. ನೂರ ನಲವತ್ತೆರಡು ಬಂತು. ಧರ್ಮೇಂದ್ರ ಶಟರ್ ಎತ್ತಿದ. ದಿವ್ಯಾಳೇ ನಕ್ಕು, "ಅಮ್ಮ, ನಿನ್ ಚಾರ್ಟಲ್ಲಿ ನಂಗೆ ಬಣ್ಣನೇ ಇಲ್ವಲ್ಲ" ಎಂದಳು. ಅವಳದು ಯಾವಾಗಲೂ ಹಾಗೆ, ಬೇರೆಯವರು ನಗುವ ಮೊದಲು ತಾನೇ ನಕ್ಕುಬಿಡುವುದು.

ನಗಲಾಗದ ಸಂಗತಿಗಳೂ ಇದ್ದವು. ಡಿಗ್ರಿ ಕಾಲೇಜಿನ ಬೆಂಚಿಗೂ ಡೆಸ್ಕಿಗೂ ಒಂದೇ ಕಬ್ಬಿಣದ ಚೌಕಟ್ಟು. ನಡುವೆ ಅವಳು ಹಿಡಿಸುತ್ತಿರಲಿಲ್ಲ. ಲೆಕ್ಚರರ್ ಒಬ್ಬರು ಪ್ಲಾಸ್ಟಿಕ್ ಕುರ್ಚಿ ತರಿಸಿ ಹಿಂದೆ ಹಾಕಿಸಿದರು, ಅದು ಮೂರನೆಯ ದಿನ ಮುರಿಯಿತು, ನಾಲ್ಕನೆಯ ದಿನದಿಂದ ದಿವ್ಯಾ ಕಾಲೇಜಿಗೆ ಹೋಗಲಿಲ್ಲ. ಮನೆಯಲ್ಲೇ ಕುಳಿತು ಮದುವಣಗಿತ್ತಿಯರ ಕೈಗೆ ಮೆಹಂದಿ ಹಾಕುವುದು ಕಲಿತಳು. ಸಕ್ಕರೆ ಕಾಯಿಲೆ ಆಗಲೇ ಬಂದಿತ್ತು. ಮಲಗಿದರೆ ಗೊರಕೆ ಇದ್ದಕ್ಕಿದ್ದಂತೆ ನಿಂತು, ಉಸಿರೇ ಇಲ್ಲದೆ ಎಷ್ಟೋ ಹೊತ್ತಾಗಿ, ಮತ್ತೆ ಗಕ್ಕನೆ ಹಿಡಿದುಕೊಳ್ಳುತ್ತಿತ್ತು. ಪಕ್ಕದಲ್ಲಿ ಮಲಗುವ ಸುಧಾ ಆ ಉಸಿರನ್ನು ಎಣಿಸುತ್ತ ಎರಡು ವರ್ಷ ಸರಿಯಾಗಿ ನಿದ್ದೆ ಮಾಡಲಿಲ್ಲ.

ಮೈಸೂರಿನ ಡಾಕ್ಟರು ಸುತ್ತಿಬಳಸಲಿಲ್ಲ. "ಪಥ್ಯ, ವಾಕಿಂಗ್ ಎಲ್ಲ ಈ ಹಂತದಲ್ಲಿ ಸಾಕಾಗಲ್ಲ. ಆಪರೇಷನ್ ಮಾಡಿ ಹೊಟ್ಟೆ ಸಣ್ಣದು ಮಾಡೋದೇ ದಾರಿ. ಹೀಗೇ ಬಿಟ್ಟರೆ ಮೂವತ್ತು ದಾಟೋದು ಕಷ್ಟ" ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ದಿವ್ಯಾ ಎರಡು ಸೀಟು ಹಿಡಿದು ಕುಳಿತು, "ಆಪರೇಷನ್ ಆದ್ಮೇಲೆ ಕಾಲೇಜಿನ ಬೆಂಚಲ್ಲಿ ಕೂತ್ಕೋಬೋದಾ ಅಮ್ಮ?" ಎಂದು ಕೇಳಿದಳು. ಸುಧಾ ಹೂಂ ಅಂದಳು. ಅಂದ ಮೇಲೆ ಅದನ್ನು ಮಾಡಿಸದೆ ಬಿಡುವವಳಲ್ಲ.

ಮನೆಯನ್ನು ಒಪ್ಪಿಸಲು ಒಂದೂವರೆ ವರ್ಷ ಹಿಡಿಯಿತು. ಗಂಡ ಹೆದರುಪುಕ್ಕಲ. ನೆಂಟರು ಮೂಗು ಮುರಿದರು, ನಾಳೆ ಹೆಣ್ಣು ನೋಡಲು ಬಂದವರಿಗೆ ಹೊಟ್ಟೆಯ ಕಲೆ ಹೇಗೆ ಮುಚ್ಚಿಡುತ್ತೀರಿ ಎಂದರು. ಇರುವ ನೂರ ನಲವತ್ತೆರಡು ಕೆ.ಜಿ.ಯನ್ನು ಹೇಗೆ ಮುಚ್ಚಿಡಬಹುದೆಂದು ಮಾತ್ರ ಯಾರೂ ಹೇಳಲಿಲ್ಲ. ಅತ್ತೆಯದು ಬೇರೆಯೇ ತಕರಾರು. "ಶಿವ ಕೊಟ್ಟಿದ್ ಹೊಟ್ಟೆ ಕಣೆ ಸುಧಾ. ಅದ್ನ ಕೊಯ್ದು ಬಿಸಾಕ್ತಾರಂತೆ. ನಾಳೆ ಮಗು ಎರಡ್ ತುತ್ತು ಉಂಡು ಪ್ರಸಾದ ಬಿಟ್ಟೇಳಾದಾ?" ಸುಧಾ ಬೇಡಿದಳು, ಜಗಳವಾಡಿದಳು, ಮಾತು ಬಿಟ್ಟಳು. ಒಂದು ಮಧ್ಯಾಹ್ನ ದಿವ್ಯಾ ಹಜಾರದಲ್ಲಿ ಮಲಗಿದ್ದಾಗ ಉಸಿರು ನಿಂತದ್ದನ್ನು ಶಕುಂತಲಮ್ಮ ತಾವೇ ನೋಡಿದರು. ಮತ್ತೆ ಉಸಿರು ಬರುವವರೆಗೆ ಕೈಯಲ್ಲಿದ್ದ ವಿಭೂತಿ ಗಟ್ಟಿಯನ್ನು ಹಿಡಿದುಕೊಂಡೇ ನಿಂತಿದ್ದರು. ಆಮೇಲೆ ಅವರು ಬೇಡ ಅನ್ನಲಿಲ್ಲ.

ಆಪರೇಷನ್‌ಗೆ ಮುಂಚೆ ಎರಡು ವಾರ ಬರೀ ನೀರಾಹಾರ. ತಿಳಿ ಗಂಜಿ, ಮಜ್ಜಿಗೆ, ಸೋಸಿದ ತರಕಾರಿ ನೀರು, ಡಾಕ್ಟರು ಬರೆದುಕೊಟ್ಟ ಒಂದು ಪುಡಿ. ದಿವ್ಯಾ ಒಂದು ದಿನವೂ ಮೋಸ ಮಾಡಲಿಲ್ಲ. ಮನೆಯವರೆಲ್ಲ ಅವಳ ಕಣ್ಣು ತಪ್ಪಿಸಿ ಅಡುಗೆಮನೆಯ ಬಾಗಿಲು ಹಾಕಿಕೊಂಡು ಉಣ್ಣುತ್ತಿದ್ದರು. ಒಗ್ಗರಣೆಯ ವಾಸನೆಗೆ ಬಾಗಿಲು ಹಾಕಲಾಗುವುದಿಲ್ಲವಲ್ಲ, ಅವಳು ಹಜಾರದಿಂದಲೇ "ಇವತ್ತು ಹಲಸಂದೆಕಾಳು ಸಾರು" ಎಂದು ಸರಿಯಾಗಿ ಹೇಳುತ್ತಿದ್ದಳು. ಕೂಗಿ ಹೇಳಿದ್ದು ತಮಾಷೆಗೆ. ಒಳಗೆ ಸುಧಾಳ ಕೈ ತುತ್ತು ಹಿಡಿದಲ್ಲೇ ನಿಲ್ಲುತ್ತಿತ್ತು. ಇಪ್ಪತ್ತು ವರ್ಷ ಉಣ್ಣಿಸಿದ ಕೈ ಅದು. ಆ ಎರಡು ವಾರ ಅವಳಿಗೆ ಕೈಯನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಮಗಳು ಒಂಬತ್ತು ಕೆ.ಜಿ. ಇಳಿದಳು.

ಹೊರಡುವ ದಿನ ಶಕುಂತಲಮ್ಮ ಒಂದು ಸಣ್ಣ ಸ್ಟೀಲ್ ಡಬ್ಬಿ ಸೊಸೆಯ ಕೈಗಿಟ್ಟರು. ಪೂಜೆಗಿಟ್ಟ ಮೂರು ತಂಬಿಟ್ಟಿನ ಉಂಡೆ. ಹುರಿದ ಅಕ್ಕಿಹಿಟ್ಟು, ಬೆಲ್ಲ, ಕೊಬ್ಬರಿ, ತುಪ್ಪ ಹಾಕಿ ಗಟ್ಟಿಯಾಗಿ ಕಟ್ಟಿದ್ದು. ಮೊಮ್ಮಗಳಿಗೆ ಪ್ರಾಣ. "ಪೂಜೆ ಮುಗಿಸಿ ಒಂದ್ ಚೂರು ಬಾಯಿಗಿಡು. ಬರಿ ಹೊಟ್ಟೇಲಿ ಕತ್ತಿ ಕೆಳಗೆ ಕಳಿಸ್ಬೇಡ" ಎಂದರು.

ಮೈಸೂರಿನ ಆಸ್ಪತ್ರೆಯಲ್ಲಿ ಭಾನುವಾರ ಸಂಜೆ ಸೇರಿಸಿಕೊಂಡರು. ಅರಿವಳಿಕೆ ಕೊಡುವ ಡಾಕ್ಟರು ಬಂದು ಮಾತಾಡಿಸಿದರು, ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಹೆಸರು ಸುಮಿತಾ. ಫೈಲಿನಲ್ಲಿ ಊರು ನೋಡಿ ಮುಖ ಅರಳಿಸಿ, "ನೀವು ಕೊಡಗಿನವರಾ? ನಂದೂ ಅಲ್ಲೇ, ಬಿಟ್ಟಂಗಾಲ" ಎಂದರು. ಅಷ್ಟು ಸಾಕಾಯಿತು, ಸುಧಾಳಿಗೆ ಅರ್ಧ ಭಯ ಇಳಿದುಹೋಯಿತು. ಸುಮಿತಾ ಎಲ್ಲ ಬಿಡಿಸಿ ಹೇಳಿದರು. ರಾತ್ರಿ ಹತ್ತರ ಮೇಲೆ ಏನೂ ತಿನ್ನುವ ಹಾಗಿಲ್ಲ, ಬೆಳಿಗ್ಗೆ ನೀರೂ ಬೇಡ, ಹೊಟ್ಟೆಯಲ್ಲಿ ಏನಾದರೂ ಇದ್ದರೆ ಪ್ರಜ್ಞೆ ತಪ್ಪಿದಾಗ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಸುಧಾ ತಲೆಯಾಡಿಸುತ್ತ ಕೇಳಿಸಿಕೊಂಡಳು. ತಾಯಂದಿರಿಗೆ ಪಾಠ ಹೇಳಿ ಅಭ್ಯಾಸವಿದ್ದವಳಿಗೆ ಪಾಠ ಅರ್ಥವಾಗದೆ ಇರಲಿಲ್ಲ.

ಬೆಳಿಗ್ಗೆ ಐದೂವರೆಗೆ ನರ್ಸ್ ಹಸಿರು ಅಂಗಿ ತಂದುಕೊಟ್ಟು, ಮೈಮೇಲಿರುವುದನ್ನೆಲ್ಲ ತೆಗೆದಿಡಬೇಕು, ಕೊರಳಿನದನ್ನೂ, ಎಂದು ಹೇಳಿ ಹೋದಳು. ಹೆಂಗಸರ ವಾರ್ಡಾದ್ದರಿಂದ ಧರ್ಮೇಂದ್ರ ಹೊರಗೆ ವರಾಂಡದಲ್ಲೇ ಮಲಗಿದ್ದ. ಕೊರಳಿನಲ್ಲಿದ್ದದ್ದು ಲಿಂಗ. ಹುಟ್ಟಿದ ಹನ್ನೊಂದನೆಯ ದಿನ ಸ್ವಾಮಿಗಳು ಕಟ್ಟಿದಾಗಿನಿಂದ ದಿವ್ಯಾಳ ಮೈ ಬಿಟ್ಟು ಅದು ಒಂದು ಗಳಿಗೆಯೂ ಇದ್ದದ್ದಲ್ಲ. ಸುಧಾ ಸ್ನಾನ ಮಾಡಿ ಬಂದು, ಮಂಚದ ಪಕ್ಕದ ಸ್ಟೂಲಿನ ಮೇಲೆ ಪೂಜೆ ಮಾಡಿ, ಮಗಳ ಹಣೆಗೆ ವಿಭೂತಿ ಹಚ್ಚಿದಳು. ಲಿಂಗ ಬಿಚ್ಚಿ ತನ್ನ ಸೆರಗಿನ ತುದಿಗೆ ಎರಡು ಗಂಟು ಹಾಕಿ ಕಟ್ಟಿಕೊಂಡಳು. ಮೈಮೇಲೆ ಲಿಂಗವಿಲ್ಲದೆ ಹೋಗುವ ಕೂಸಿನ ಹೊಟ್ಟೆಯಲ್ಲಿ ಪ್ರಸಾದವಾದರೂ ಇರಲಿ ಅನ್ನಿಸಿತು. ಪ್ರಸಾದವೆಂದರೆ ಊಟವಲ್ಲ. ಅದು ಎಷ್ಟು ಸಹಜವಾಗಿ ಅನ್ನಿಸಿತೆಂದರೆ, ನಿನ್ನೆ ಸಂಜೆಯ ಪಾಠಕ್ಕೂ ಈ ಡಬ್ಬಿಗೂ ಸಂಬಂಧವಿದೆಯೆಂದು ಅವಳಿಗೆ ಹೊಳೆಯಲೇ ಇಲ್ಲ.

ನೆಲ್ಲಿಕಾಯಿಯಷ್ಟು ಮುರಿದು ಮಗಳ ಬಾಯಿಗಿಟ್ಟಳು. ಎರಡು ವಾರ ಹಲ್ಲಿಗೆ ಕೆಲಸವಿರದ ಬಾಯಿ. ದಿವ್ಯಾ ಕಣ್ಣುಮುಚ್ಚಿ ಅಗಿದಳು, ನುಂಗಿ ಆದ ಮೇಲೂ ಅಗಿಯುತ್ತಿದ್ದಳು. ಆಮೇಲೆ ಕಣ್ಣು ಬಿಟ್ಟು, "ಇನ್ನೊಂಚೂರ್ ಕೊಡಮ್ಮ" ಎಂದಳು.

ಸುಧಾ ಕೊಟ್ಟಳು.

"ನಾಳೆಯಿಂದ ಹೆಂಗೂ ತಿನ್ನಕ್ಕಾಗಲ್ಲ. ಅಜ್ಜಿ ಕಟ್ಟಿರಾದು" ಎಂದಳು ದಿವ್ಯಾ. ಸುಧಾ ಇನ್ನೂ ಕೊಟ್ಟಳು. ಮೊದಲ ಉಂಡೆ ಮುಗಿಯಿತು, ಎರಡನೆಯದು ಮುಗಿಯಿತು, ಮೂರನೆಯದನ್ನು ಮಗಳೇ ಡಬ್ಬಿಯಿಂದ ತೆಗೆದುಕೊಂಡಳು. ಕೊನೆಗೆ ಡಬ್ಬಿಗೆ ಒಂದಿಷ್ಟು ನೀರು ಹಾಕಿ, ಬೆರಳಾಡಿಸಿ ತೊಳೆದು, ಗಟಗಟ ಕುಡಿದು, ತಲೆಕೆಳಗಾಗಿ ಹಿಡಿದು ಅಮ್ಮನಿಗೆ ತೋರಿಸಿ ನಕ್ಕಳು. ಸುಧಾಳಿಗೆ ಎಷ್ಟೋ ದಿನದ ಮೇಲೆ ಎದೆ ತಣ್ಣಗಾಯಿತು.

ಎಂಟಕ್ಕೆ ಮುಂಚೆ ಸುಮಿತಾ ಬಂದರು. "ರಾತ್ರಿಯಿಂದ ಏನಾದ್ರೂ ತಿಂದಿದ್ದಾರಾ ಅಮ್ಮ? ಕುಡಿದಿದ್ದಾರಾ?"

"ಏನೂ ತಿಂದಿಲ್ಲ ಮೇಡಂ" ಎಂದಳು ಸುಧಾ. ಸುಳ್ಳು ಹೇಳುತ್ತಿದ್ದೇನೆಂದು ಅವಳಿಗೆ ಅನ್ನಿಸಲಿಲ್ಲ. ದಿವ್ಯಾಳೂ ತಲೆಯಾಡಿಸಿದಳು. ಸ್ಟ್ರೆಚರಿನ ಮೇಲೆ ಮಲಗಿಸಿ ತಳ್ಳಿಕೊಂಡು ಹೋಗುವಾಗ, "ಬೆಂಚು" ಎಂದು ಅಮ್ಮನಿಗೆ ಹೆಬ್ಬೆರಳು ಎತ್ತಿ ತೋರಿಸಿ ಹೋದಳು.

ಆಪರೇಷನ್ ಶುರುವಾಗಲೇ ಇಲ್ಲ. ಮುಕ್ಕಾಲು ಗಂಟೆಗೆ ಬಾಗಿಲು ತೆರೆದು ಸುಮಿತಾ ಹೊರಬಂದರು, ಮುಖದಲ್ಲಿ ರಕ್ತವಿರಲಿಲ್ಲ. ಅರಿವಳಿಕೆ ಕೊಟ್ಟ ಕೂಡಲೆ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದಿದೆ, ಆದಷ್ಟು ಹೀರಿ ತೆಗೆದಿದ್ದೇವೆ, ಮೆಷಿನ್ ಮೇಲೆ ಇಟ್ಟಿದ್ದೇವೆ ಎಂದರು. ಸಕ್ಕರೆ ಕಾಯಿಲೆ ಇರುವವರ ಹೊಟ್ಟೆ ತಡವಾಗಿ ಖಾಲಿಯಾಗುತ್ತದೆ ಎಂದೂ ಏನೋ ಹೇಳಿದರು. ನಂತರ ಸುಧಾಳ ಕಡೆಗೇ ತಿರುಗಿ, "ಬೆಳಿಗ್ಗೆ ಏನಾದ್ರೂ ಕೊಟ್ಟಿದ್ರಾ ಅಮ್ಮ? ಗಟ್ಟಿ ಪದಾರ್ಥ ಬಂತು" ಎಂದರು.

ಸುಧಾಳಿಗೆ ಆಗ ಡಬ್ಬಿ ನೆನಪಾಯಿತು. ಅವಳು ಬಾಯಿ ತೆರೆಯುವ ಮೊದಲೇ ಧರ್ಮೇಂದ್ರ ಎದ್ದು, "ಏನೂ ಇಲ್ಲ ಅಂತ ಹೇಳಿದೀವಲ್ಲ ಮೇಡಂ, ಎರಡು ವಾರದಿಂದ ನೀರಲ್ಲೇ ಇದ್ಲು ನನ್ ಮಗಳು" ಎಂದ. ಸುಧಾ ತುಟಿಪಿಟಕ್ಕೆನ್ನಲಿಲ್ಲ. ಇದೊಂದು ಮೌನವನ್ನು ಅವಳು ಮುಂದೆ ಎಂದೂ ಕ್ಷಮಿಸಿಕೊಳ್ಳಲಿಲ್ಲ.

ಆರು ದಿನ. ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ ಒಳಗೆ ಬಿಡುತ್ತಿದ್ದರು. ದಿವ್ಯಾಳ ಎದೆ ಮೆಷಿನ್ನಿನ ಲೆಕ್ಕಕ್ಕೆ ಏರಿ ಇಳಿಯುತ್ತಿತ್ತು, ನಡುವೆ ಒಮ್ಮೆಯೂ ನಿಲ್ಲದೆ. ಎರಡು ವರ್ಷದಿಂದ ಸುಧಾ ಬೇಡಿಕೊಂಡದ್ದು ಹೀಗೇ ನಿಲ್ಲದ ಉಸಿರನ್ನು. ಶನಿವಾರ ಮಧ್ಯಾಹ್ನ ಅದೂ ನಿಂತಿತು.

ಊರಿನಿಂದ ಎರಡು ಜೀಪಿನಲ್ಲಿ ನೆಂಟರು ಬಂದರು. ಧರ್ಮೇಂದ್ರನ ದೊಡ್ಡಪ್ಪ ಮರುಳಸಿದ್ದಪ್ಪನವರು ಮುಂದೆ. ಆಸ್ಪತ್ರೆಯ ವರಾಂಡದಲ್ಲಿ ಸುಮಿತಾರನ್ನು ಸುತ್ತುಗಟ್ಟಿ ಬಾಯಿಗೆ ಬಂದಂತೆ ಬೈದರು. ನಡೆದುಕೊಂಡು ಬಂದ ಹುಡುಗಿಯನ್ನು ಕೊಂದಿರಿ ಎಂದರು, ಕೋರ್ಟಿಗೆ ಎಳೆಯುತ್ತೇವೆ ಎಂದರು. ಸುಮಿತಾ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದರು. ಅವರಿಗೂ ಅಮ್ಮ ಇರಬೇಕು ಬಿಟ್ಟಂಗಾಲದಲ್ಲಿ ಎಂದು ಸುಧಾಳಿಗೆ ಅನ್ನಿಸಿತು. ಅವಳು ಬೆಂಚಿನಿಂದ ಎದ್ದಳು.

"ಅವರದ್ದೇನೂ ತಪ್ಪಿಲ್ಲ ದೊಡ್ಮಾವ. ನಾನೇ ಕೊಟ್ಟೆ. ಬೆಳಿಗ್ಗೆ ತಂಬಿಟ್ಟು ತಿನ್ನಿಸ್ದೆ."

ಮರುಳಸಿದ್ದಪ್ಪನವರು ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಪೂಜೆ ತಂಬಿಟ್ಟಾ?" ಎಂದರು.

"ಹೂಂ."

"ಪ್ರಸಾದದಿಂದ ಯಾರಾದ್ರೂ ಸಾಯ್ತಾರೇನವ್ವ? ದುಃಖದಲ್ಲಿ ಏನೇನೋ ಮಾತಾಡ್ಬೇಡ. ಹೊರಗಿನವರ ಎದುರಿಗೆ ಈ ಮಾತು ಮತ್ತೆ ಎತ್ಬೇಡ."

ಸುಧಾ ಚೀಲದಿಂದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿ ತೋರಿಸಿದಳು. ಒಳಗೆ ಒಂದು ಪುಡಿಯೂ ಇರಲಿಲ್ಲ, ತೊಳೆದಿಟ್ಟಂತೆ ಫಳಫಳ ಹೊಳೆಯುತ್ತಿತ್ತು. ಅಷ್ಟು ಚೆನ್ನಾಗಿ ಬೆಳೆಸಿದ್ದರು ಮಗಳನ್ನು. ಧರ್ಮೇಂದ್ರ ಹೆಂಡತಿಯ ಕೈಯಿಂದ ಡಬ್ಬಿ ಕಿತ್ತುಕೊಂಡು ಚೀಲಕ್ಕೆ ಹಾಕಿ, "ನಿಂಗೆ ತಲೆ ಕೆಟ್ಟಿದೆ, ಕೂತ್ಕೋ" ಎಂದ. ಸುಮಿತಾ ಮಾತ್ರ ನಂಬಿದರು. ಅವರು ಸುಧಾಳ ಮುಂದೆ ಬಂದು ನಿಂತರು, ಅವಳ ತೋಳನ್ನು ಒಮ್ಮೆ ಮುಟ್ಟಿ ಒಳಗೆ ಹೋದರು. ನೀವು ಕೇಳಿದಾಗ ಹೇಳಬಾರದಿತ್ತೇ ಎಂದು ಅವರು ಬೈದಿದ್ದರೆ ಸುಧಾಳಿಗೆ ಅಷ್ಟಾದರೂ ಸಿಕ್ಕಿದಂತಾಗುತ್ತಿತ್ತು.

ತೋಟದ ಮೂಲೆಯಲ್ಲಿ ಸಮಾಧಿ. ನಮ್ಮ ಕಡೆ ಲಿಂಗವಂತರನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಗುಂಡಿ ತೋಡುವವರು ಬಂದು ಅಳತೆ ಕೇಳಿದರು. ಧರ್ಮೇಂದ್ರ ಕಂಬ ಹಿಡಿದುಕೊಂಡು ನಿಂತುಬಿಟ್ಟ. ಕೊನೆಗೆ ಸುಧಾಳೇ ಕೈ ಅಗಲಿಸಿ ತೋರಿಸಬೇಕಾಯಿತು. ಬಿಚ್ಚಿಟ್ಟಿದ್ದ ಲಿಂಗವನ್ನು ಮಗಳ ಎಡಗೈಯಲ್ಲಿಟ್ಟರು. ಆ ಕೈಯ ಮೇಲೆ ಯಾವುದೋ ಮದುವೆಗೆ ಅಭ್ಯಾಸ ಮಾಡಿಕೊಂಡ ಮೆಹಂದಿಯ ಬಳ್ಳಿ ಇನ್ನೂ ಪೂರ್ತಿ ಮಾಸಿರಲಿಲ್ಲ.

ಹನ್ನೊಂದನೆಯ ದಿನದ ಊಟಕ್ಕೆ ಬಂದವರೆಲ್ಲ ಸುಧಾಳಿಗೆ ಸಮಾಧಾನ ಹೇಳಿದರು. ಅವಳು ಆಡಿದ ಮಾತು ಹೇಗೋ ಊರಿಗೆ ಮುಟ್ಟಿತ್ತು, ಆದ್ದರಿಂದ ಸಮಾಧಾನವೂ ಅದಕ್ಕೇ ಹೊಂದುವಂತಿತ್ತು. ಹೋಗುವಾಗ ಶಿವಪ್ರಸಾದ ಬಾಯಿಗೆ ಬಿತ್ತಲ್ಲ, ಎಷ್ಟು ಜನಕ್ಕೆ ಸಿಗುತ್ತದೆ ಆ ಭಾಗ್ಯ, ಎಂದರು. ಅವಳು ಗೋಡೆ ನೋಡುತ್ತ ಕೇಳಿಸಿಕೊಂಡಳು.

ಎಲ್ಲರೂ ಹೋದ ಮೇಲೆ ಶಕುಂತಲಮ್ಮ ತಟ್ಟೆ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕುಳಿತರು. ಬೆಳಗಿನಿಂದ ಸೊಸೆ ಏನೂ ಮುಟ್ಟಿರಲಿಲ್ಲ.

"ನಾನೇ ಕಟ್ಟಿದ್ ತಂಬಿಟ್ಟು ಕಣೆ. ನಾನೇ ಕೊಟ್ ಕಳ್ಸಿದ್ದು. ಪಾಪ ಇದ್ರೆ ನಂಗಿರ್ಲಿ" ಎಂದರು.

"ನೀವು ಒಂದ್ ಚೂರು ಅಂದಿದ್ರಿ ಅತ್ತೆ."

"ಚೂರೋ, ಪಾರೋ. ಪ್ರಸಾದ ತಾನೆ."

"ಮೊದಲ್ನೇ ಚೂರು ಪ್ರಸಾದ" ಎಂದಳು ಸುಧಾ. "ಅವಳು ಇನ್ನೊಂಚೂರು ಕೊಡಮ್ಮ ಅಂದ್ಲು. ನಂಗೆ ಕೊಡೋ ಆಸೆ ಆಯ್ತು. ಎರಡು ವಾರದಿಂದ ಕೊಟ್ಟಿರ್ಲಿಲ್ಲ. ಆಮೇಲಿಂದು ಪ್ರಸಾದ ಅಲ್ಲ ಅತ್ತೆ. ಅದು ನಾನು ಉಣ್ಸಿದ್ದು."

ಶಕುಂತಲಮ್ಮ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡರು. "ಹಸಿದ ಮಗೀಗೆ ಯಾವ ತಾಯಿ ಉಣ್ಸಲ್ಲ ಹೇಳು" ಎಂದು ಅನ್ನ ಕಲಸಿ ತುತ್ತು ಮಾಡಿ ಸೊಸೆಯ ಬಾಯಿಯ ಹತ್ತಿರ ಹಿಡಿದರು. ಸುಧಾ ಬಾಯಿ ತೆರೆದಳು, ನುಂಗಿದಳು. ತಟ್ಟೆ ಖಾಲಿಯಾಗುವವರೆಗೂ ಅತ್ತೆ ತಿನ್ನಿಸಿದರು. ಆಮೇಲೆ ಇಬ್ಬರೂ ತಟ್ಟೆಯ ಕಡೆ ನೋಡಿದರು. ನೀರು ಹಾಕಿ ತೊಳೆದು ಕುಡಿಯಲು ಸುಧಾಳ ಕೈ ಏಳಲಿಲ್ಲ, ಶಕುಂತಲಮ್ಮನೂ ಕುಡಿ ಅನ್ನಲಿಲ್ಲ. ಅವರ ಕಣ್ಣೆದುರಿಗೇ, ಆ ಮನೆಯಲ್ಲಿ ಮೊದಲ ಬಾರಿಗೆ ಒಂದು ತಟ್ಟೆ ಹಾಗೆಯೇ ಬಚ್ಚಲಿಗೆ ಹೋಯಿತು.

ಮುಂದಿನ ತಿಂಗಳು ತೂಕದ ದಿನ ಸುಧಾ ಅಂಗನವಾಡಿಗೆ ಹೋದಳು. ಮನೆಯಲ್ಲಿ ಕುಳಿತು ಮಾಡುವುದಾದರೂ ಏನಿತ್ತು? ಯಂತ್ರ ತೂಗುಹಾಕಿ ಮಕ್ಕಳನ್ನು ಒಂದೊಂದಾಗಿ ಕೂರಿಸಿದಳು. ಕಾಫಿತೋಟದ ಕೂಲಿಗಳ ಲೈನ್‌ಮನೆಯ ಹೆಂಗಸೊಬ್ಬಳು ತನ್ನ ಒಂದೂವರೆ ವರ್ಷದ ಕೂಸನ್ನು ತಂದಳು, ತೂಕ ಹಳದಿಗಿಂತಲೂ ಕೆಳಗಿತ್ತು. ಟೀಚರ್ ಈಗ ಬೈಯುತ್ತಾರೆಂದು ಅವಳು ಮುಂಚೆಯೇ ಹೆದರಿಕೊಂಡು, "ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಟೀಚರ್" ಎಂದಳು.

ಕೂಸಿನ ಗದ್ದದಲ್ಲಿ ಬಿಸ್ಕತ್ತಿನ ಪುಡಿ ಇತ್ತು. ಸುಧಾ ಅದನ್ನು ನೋಡಿದಳು. ಸುತ್ತ ಇದ್ದ ತಾಯಂದಿರು ಟೀಚರ್ ಯಾವಾಗಲೂ ಹೇಳುವ ಮಾತಿಗಾಗಿ ಕಾದರು. ಅವಳು ಬೆರಳಿನಿಂದ ಪುಡಿಯನ್ನು ಒರೆಸಿ, ಚಾರ್ಟಿನಲ್ಲಿ ಚುಕ್ಕೆಯಿಟ್ಟು, ಮುಂದಿನ ಮಗುವನ್ನು ಕರೆದಳು.